ಎದೆಯೊಳಗಿನ ಪಂಪು, ಜೇಬಿನೊಳಗಿನ ಮಾತ್ರೆ

ಲ್ಯಾಬಿನಲ್ಲಿ ಸೆಂಟ್ರಿಫ್ಯೂಗಲ್ ಪಂಪಿನ ರೀಡಿಂಗ್ ತಗೊಂಡು, ಗ್ರಾಫ್ ಎಳೆದು, ರೆಕಾರ್ಡಿಗೆ ಸಹಿ ಹಾಕಿಸಿಕೊಂಡರೆ ನಮ್ಮ ಪಾಲಿಗೆ ಪಂಪಿನ ಕಥೆ ಮುಗೀತು. ಅದೇ ತತ್ವದ ಪುಟ್ಟ ಪಂಪೊಂದು ಮನುಷ್ಯನ ಎದೆಯೊಳಗೆ ಕೂತು ವರ್ಷಗಟ್ಟಲೆ ಓಡುತ್ತೆ ಅಂದರೆ ನಂಬುತ್ತೀರಾ? ಅದರ ಹೆಸರು ಎಲ್‌ವ್ಯಾಡ್. ಹೃದಯದ ಎಡ ಕೆಳಕೋಣೆ ಸೋತಾಗ ಅಲ್ಲಿಂದ ರಕ್ತ ಎಳೆದು ಮಹಾಪಧಮನಿಗೆ ತಳ್ಳುತ್ತದೆ. ಕರೆಂಟು ಸಿಗುವುದು ಹೊಟ್ಟೆಯ ಚರ್ಮದಿಂದ ಹೊರಬರುವ ಒಂದು ಕೇಬಲ್ ಮೂಲಕ.

ಹಾರ್ಟ್‌ಮೇಟ್ 3 ಎಂಬ ಪಂಪಿನಲ್ಲಿ ಬೇರಿಂಗೇ ಇಲ್ಲ. ರೋಟರ್ ಅಯಸ್ಕಾಂತ ಬಲದಲ್ಲಿ ತೇಲುತ್ತಾ ನಿಮಿಷಕ್ಕೆ ಸುಮಾರು 5000 ಸುತ್ತು ತಿರುಗುತ್ತದೆ. ರಕ್ತ ಒಂದೇ ಕಡೆ ನಿಲ್ಲಬಾರದು ಅಂತ ಪ್ರತಿ 2 ಸೆಕೆಂಡಿಗೊಮ್ಮೆ ವೇಗ ಏರಿಳಿಯುತ್ತದೆ. ಇಷ್ಟಾದರೂ ರಕ್ತಕ್ಕೆ ಪಂಪು ಹೊರಗಿನ ವಸ್ತುವೇ. ಸಿಕ್ಕರೆ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು.

ಅದಕ್ಕೇ ವಾರ್ಫರಿನ್ ಮಾತ್ರೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ತಯಾರಿಸಲು ಯಕೃತ್ತಿಗೆ ವಿಟಮಿನ್ ಕೆ ಬೇಕು. ವಾರ್ಫರಿನ್ ಆ ವಿಟಮಿನ್ ಮರುಬಳಕೆಯಾಗದಂತೆ ತಡೆಯುತ್ತದೆ. ಎಷ್ಟು ತಡೆದಿದೆ ಅಂತ ಹೇಳುವುದು ಐಎನ್‌ಆರ್ ಎಂಬ ರಕ್ತಪರೀಕ್ಷೆ. ನಮ್ಮ ನಿಮ್ಮಂಥವರಿಗೆ ಅದು 1ರ ಆಸುಪಾಸು, ಪಂಪು ಇರುವವರಿಗೆ ಸಾಮಾನ್ಯವಾಗಿ 2ರಿಂದ 3. ಕಮ್ಮಿಯಾದರೆ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ. ಕಂಟ್ರೋಲ್ ಸಿಸ್ಟಮ್ ಅಂತೀವಲ್ಲ, ಥೇಟ್ ಅದೇ. ತೊಂದರೆ ಏನಂದ್ರೆ ಇವತ್ತು ಡೋಸ್ ಬದಲಿಸಿದರೆ ಪೂರ್ತಿ ಪರಿಣಾಮ ಕಾಣೋಕೆ ಕೆಲವು ದಿನ ಬೇಕು.

ನಡುವೆ ಅಡುಗೆಮನೆಯೂ ಬರುತ್ತದೆ. ಸೊಪ್ಪಿನಲ್ಲಿ ವಿಟಮಿನ್ ಕೆ ಹೇರಳ. ಹಾಗಂತ ಬಸ್ಸಾರು ಬಿಡಬೇಕಿಲ್ಲ, ವಾರವಾರವೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ತಿಂದರೆ ಸಾಕು, ಡೋಸನ್ನು ಅದಕ್ಕೆ ಹೊಂದಿಸುತ್ತಾರೆ. ನಿಜವಾದ ತಲೆನೋವು ಬೇರೆ ಔಷಧಿಗಳದ್ದು. ಮೆಟ್ರೋನಿಡಜೋಲ್, ಅಮಿಯೊಡರೋನ್ ಐಎನ್‌ಆರ್ ಏರಿಸುತ್ತವೆ; ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ.

ನಮಗೆ ತುಂಬ ಕುತೂಹಲ ಅನಿಸಿದ್ದು ಇನ್ನೊಂದು ವಿಷಯ. ಪಂಪಿನೊಳಗಿನ ಶಿಯರ್ ಸ್ಟ್ರೆಸ್ಸಿಗೆ ವಾನ್ ವಿಲ್ಲೆಬ್ರಾಂಡ್ ಎಂಬ ಉದ್ದನೆಯ ಪ್ರೋಟೀನು ಬಿಚ್ಚಿಕೊಂಡು ತುಂಡಾಗುತ್ತದೆ. ಗಾಯ ಮುಚ್ಚೋಕೆ ಬೇಕಾದದ್ದೇ ಅದು. ಹಾಗಾಗಿ ಪಂಪೇ ಸ್ವಲ್ಪ ಮಟ್ಟಿಗೆ ರಕ್ತಸ್ರಾವಕ್ಕೆ ದಾರಿ ಮಾಡಿಕೊಡುತ್ತದೆ, ಮೇಲೆ ವಾರ್ಫರಿನ್. ಇದರ ಜೊತೆ ವರ್ಷಗಳಿಂದ ಆಸ್ಪಿರಿನ್ ಕೂಡ ಕೊಡುತ್ತಿದ್ದರು, ಹಳೆಯ ಪಂಪುಗಳ ಕಾಲದ ರೂಢಿ. 2023ರಲ್ಲಿ ಪ್ರಕಟವಾದ ಏರೀಸ್ ಅಧ್ಯಯನದಲ್ಲಿ ಹಾರ್ಟ್‌ಮೇಟ್ 3 ಇರುವ 600ಕ್ಕೂ ಹೆಚ್ಚು ರೋಗಿಗಳಲ್ಲಿ ಅರ್ಧ ಜನಕ್ಕೆ ಆಸ್ಪಿರಿನ್, ಉಳಿದವರಿಗೆ ಅದೇ ಥರ ಕಾಣುವ ಸುಳ್ಳು ಮಾತ್ರೆ ಕೊಟ್ಟು ನೋಡಿದರು. ಆಸ್ಪಿರಿನ್ ಇಲ್ಲದವರಲ್ಲಿ ಹೆಪ್ಪಿನ ತೊಂದರೆ ಹೆಚ್ಚಲಿಲ್ಲ, ರಕ್ತಸ್ರಾವ ಮಾತ್ರ ಸುಮಾರು ಮೂರನೇ ಒಂದರಷ್ಟು ಕಮ್ಮಿಯಾಯಿತು. ಒಂದು ಮಾತ್ರೆ ಸೇರಿಸಿ ಅಲ್ಲ, ತೆಗೆದು ಸಿಕ್ಕ ಲಾಭ!

ಬಿಪಿ ಮಾತ್ರೆಯೂ ಇರುತ್ತದೆ. ಮುಂದಿನ ಒತ್ತಡ ಏರಿದರೆ ಇಂಥ ಪಂಪಿನ ಡಿಸ್ಚಾರ್ಜ್ ಇಳಿಯುತ್ತದೆ, ನಮ್ಮ ಗ್ರಾಫಿನಲ್ಲಿದ್ದ ಅದೇ ಗೆರೆ. ಪಾರ್ಶ್ವವಾಯುವಿನ ಅಪಾಯವೂ ಹೆಚ್ಚು. ಆದರೆ ಹರಿವು ನಿರಂತರವಾದ್ದರಿಂದ ಎಷ್ಟೋ ಜನರಿಗೆ ನಾಡಿಯೇ ಸಿಗಲ್ಲ, ಮಾಮೂಲಿ ಬಿಪಿ ಮೆಷಿನ್ ಕೈಕೊಡುತ್ತದೆ. ಡಾಪ್ಲರ್ ಹಿಡಿದು ಅಳೆಯಬೇಕು.

ಇವರು ಮೈಕೈ ನೋವಿಗೆ ಅಂತ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವ ಹಾಗಿಲ್ಲ, ಹೊಟ್ಟೆಯಲ್ಲಿ ರಕ್ತ ಸೋರಬಹುದು. ಪ್ಯಾರಾಸಿಟಮಾಲ್ ವಾಸಿ, ಆದರೆ ದಿನಗಟ್ಟಲೆ ತಗೊಂಡರೆ ಅದೂ ಐಎನ್‌ಆರ್ ಏರಿಸುತ್ತದೆ. ಅದಕ್ಕೂ ಪಂಪಿನ ಕ್ಲಿನಿಕ್ಕಿಗೆ ಒಂದು ಫೋನ್ ಮಾಡಿಯೇ ತಗೊಳ್ಳೋದು.