ಗ್ಲುಟೆನ್ ಅಸಹಿಷ್ಣುತೆ

ಗ್ಲುಟೆನ್ ಅಸಹಿಷ್ಣುತೆ ಎಂಬುದು ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನನ್ನು ಸೇವಿಸಿದಾಗ ದೇಹದಲ್ಲಿ ಉಂಟಾಗುವ ತೊಂದರೆಗಳಿಗೆ ಬಳಕೆಯಲ್ಲಿರುವ ಸಾಮಾನ್ಯ ಹೆಸರು. ಈ ಹೆಸರಿನಡಿ ಮೂರು ಬೇರೆ ಬೇರೆ ಸ್ಥಿತಿಗಳು ಸೇರುತ್ತವೆ: ಸೀಲಿಯಾಕ್ ರೋಗ, ಗೋಧಿಯ ಅಲರ್ಜಿ ಮತ್ತು ಸೀಲಿಯಾಕ್ ಅಲ್ಲದ ಗ್ಲುಟೆನ್ ಸಂವೇದನೆ. ಇವುಗಳ ಲಕ್ಷಣಗಳು ಒಂದನ್ನೊಂದು ಹೋಲುತ್ತವೆಯಾದರೂ ಕಾರಣ, ಪರೀಕ್ಷೆ ಮತ್ತು ಪಥ್ಯದ ಕಟ್ಟುನಿಟ್ಟು ಬೇರೆಬೇರೆ. ಆದುದರಿಂದ ಗೋಧಿಯನ್ನು ಬಿಡುವ ಮೊದಲು ತೊಂದರೆ ಯಾವುದೆಂದು ಗುರುತಿಸಿಕೊಳ್ಳುವುದು ಮುಖ್ಯ.

ಗ್ಲುಟೆನ್ ಎಂದರೇನು

ಗ್ಲುಟೆನ್ ಗೋಧಿಯಲ್ಲಿರುವ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಪ್ರೋಟೀನುಗಳು ನೀರಿನೊಡನೆ ಬೆರೆತಾಗ ಉಂಟಾಗುವ ಅಂಟು ಪದಾರ್ಥ. ಹೋಳಿಗೆಯ ಕಣಕವನ್ನು ಎಳೆದಷ್ಟೂ ಹರಿಯದೆ ಹಿಗ್ಗುವುದು, ಬ್ರೆಡ್ಡು ಉಬ್ಬಿ ನಿಲ್ಲುವುದು ಈ ಅಂಟಿನಿಂದಲೇ. ಜೋಳ ಮತ್ತು ರಾಗಿಯ ಹಿಟ್ಟಿನಲ್ಲಿ ಇದು ಇಲ್ಲ. ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ ಕೈಯಿಂದ ತಟ್ಟಿ ರೊಟ್ಟಿ ಮಾಡುವ ಪದ್ಧತಿ ಬೆಳೆದುಬಂದಿರುವುದಕ್ಕೆ ಇದೇ ಕಾರಣ. ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿ ಇದೇ ಬಗೆಯ ಪ್ರೋಟೀನುಗಳಿವೆ. ರವೆ, ಮೈದಾ, ಚಿರೋಟಿ ರವೆ, ಗೋಧಿ ಶಾವಿಗೆ, ಗೋಧಿ ನುಚ್ಚು ಇವೆಲ್ಲವೂ ಗೋಧಿಯ ರೂಪಗಳೇ. ಕಪ್ಲಿ ಗೋಧಿಯಂತಹ ಹಳೆಯ ತಳಿಗಳಲ್ಲಿಯೂ ಗ್ಲುಟೆನ್ ಇರುತ್ತದೆ.

ಮೂರು ಸ್ಥಿತಿಗಳು

ಸೀಲಿಯಾಕ್ ರೋಗವು ಸ್ವಯಂ ಪ್ರತಿರಕ್ಷಣಾ ಕಾಯಿಲೆ. ಸಣ್ಣ ಕರುಳಿನ ಒಳಗೋಡೆಯ ಮೇಲೆ ವಿಲ್ಲೈ ಎಂದು ಕರೆಯಲಾಗುವ ಬೆರಳಿನಾಕಾರದ ಅತಿ ಸಣ್ಣ ಚಾಚುಗಳಿವೆ. ಆಹಾರದ ಸತ್ತ್ವವನ್ನು ಹೀರಿಕೊಳ್ಳುವುದು ಇವುಗಳ ಕೆಲಸ. ಸೀಲಿಯಾಕ್ ರೋಗಿಯು ಗ್ಲುಟೆನ್ ಸೇವಿಸಿದಾಗ ದೇಹದ ರಕ್ಷಣಾ ವ್ಯವಸ್ಥೆಯು ತನ್ನ ಕರುಳಿನ ಮೇಲೆ ತಾನೇ ದಾಳಿ ಮಾಡುತ್ತದೆ. ಚಾಚುಗಳು ಕ್ರಮೇಣ ಸವೆದು ಚಪ್ಪಟೆಯಾಗುತ್ತವೆ. ಆಗ ಎಷ್ಟು ಉಂಡರೂ ಕಬ್ಬಿಣ, ಕ್ಯಾಲ್ಸಿಯಂ, ಫೋಲೇಟ್ ಮುಂತಾದವು ಮೈಗೆ ಹತ್ತುವುದಿಲ್ಲ. ಈ ರೋಗವಿರುವ ಬಹುತೇಕ ಎಲ್ಲರಲ್ಲಿಯೂ ಎಚ್‌ಎಲ್‌ಎ-ಡಿಕ್ಯೂ೨ ಅಥವಾ ಎಚ್‌ಎಲ್‌ಎ-ಡಿಕ್ಯೂ೮ ಎಂಬ ವಂಶವಾಹಿಗಳಿರುತ್ತವೆ. ಆದರೆ ಇವುಗಳನ್ನು ಹೊಂದಿದವರಲ್ಲಿ ಕೆಲವರಿಗೆ ಮಾತ್ರ ರೋಗ ಬರುತ್ತದೆ. ರೋಗಿಯ ತಂದೆತಾಯಿ, ಒಡಹುಟ್ಟಿದವರು ಮತ್ತು ಮಕ್ಕಳಲ್ಲಿ ರೋಗದ ಸಂಭವ ಇತರರಿಗಿಂತ ಹೆಚ್ಚು.

ಗೋಧಿಯ ಅಲರ್ಜಿಯಲ್ಲಿ ಐಜಿಇ ಎಂಬ ಪ್ರತಿಕಾಯಗಳ ಪಾತ್ರವಿರುತ್ತದೆ. ತಿಂದ ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಮೈಮೇಲೆ ದದ್ದು, ತುಟಿ ಮತ್ತು ಮುಖದ ಊತ, ವಾಂತಿ, ಉಬ್ಬಸ ಕಾಣಿಸಿಕೊಳ್ಳಬಹುದು. ತೀವ್ರವಾದಾಗ ಇದು ಪ್ರಾಣಾಪಾಯಕಾರಿ.

ಸೀಲಿಯಾಕ್ ಅಲ್ಲದ ಗ್ಲುಟೆನ್ ಸಂವೇದನೆಯಲ್ಲಿ ಹೊಟ್ಟೆಯುಬ್ಬರ, ನೋವು, ದಣಿವು, ತಲೆನೋವು ಇರುತ್ತವೆ; ಆದರೆ ಕರುಳಿನ ಹಾನಿಯಾಗಲಿ ಅಲರ್ಜಿಯಾಗಲಿ ಕಂಡುಬರುವುದಿಲ್ಲ. ಇದನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ. ಉಳಿದೆರಡು ಇಲ್ಲವೆಂದು ಖಾತ್ರಿಯಾದ ಮೇಲೆಯೇ ಈ ನಿರ್ಣಯಕ್ಕೆ ಬರಬೇಕು. ಇಂತಹವರಲ್ಲಿ ಹಲವರಿಗೆ ತೊಂದರೆ ಕೊಡುವುದು ಗ್ಲುಟೆನ್ ಅಲ್ಲ. ಗೋಧಿ, ಈರುಳ್ಳಿ, ಬೆಳ್ಳುಳ್ಳಿಗಳಲ್ಲಿರುವ ಫ್ರಕ್ಟಾನ್ ಎಂಬ, ಸುಲಭವಾಗಿ ಜೀರ್ಣವಾಗದ ಶರ್ಕರಪಿಷ್ಟ.

ಇತಿಹಾಸ

ಕ್ರಿ.ಶ. ಆರಂಭದ ಶತಮಾನಗಳಲ್ಲಿದ್ದ ಗ್ರೀಕ್ ವೈದ್ಯ ಅರೆಟೇಯಸ್ ದೀರ್ಘಕಾಲದ ಭೇದಿಯ ಇಂತಹ ಕಾಯಿಲೆಯನ್ನು ವರ್ಣಿಸಿದ್ದಾನೆ. ಹೊಟ್ಟೆ ಎಂಬರ್ಥದ ಗ್ರೀಕ್ ಪದದಿಂದಲೇ ಸೀಲಿಯಾಕ್ ಎಂಬ ಹೆಸರು ಬಂದಿದೆ. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ೧೮೮೮ರಲ್ಲಿ ಈ ರೋಗದ ಆಧುನಿಕ ವಿವರಣೆಯನ್ನು ಪ್ರಕಟಿಸಿ, ಗುಣವಾಗುವುದಾದರೆ ಅದು ಪಥ್ಯದಿಂದಲೇ ಎಂದು ಊಹಿಸಿದನು. ಆದರೆ ಯಾವ ಪಥ್ಯವೆಂಬುದು ಮುಂದೆ ಅರ್ಧ ಶತಮಾನ ಕಳೆದರೂ ಸ್ಪಷ್ಟವಾಗಲಿಲ್ಲ. ೧೯೨೪ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯವನ್ನು ಪ್ರಚಾರಕ್ಕೆ ತಂದನು. ಅನೇಕ ಮಕ್ಕಳು ಅದರಿಂದ ಬದುಕುಳಿದರು. ಬಾಳೆಹಣ್ಣೇ ಔಷಧವೆಂದು ಜನ ನಂಬಿದರು. ವಾಸ್ತವದಲ್ಲಿ ಆ ಪಥ್ಯದಲ್ಲಿ ಬ್ರೆಡ್ಡು ಇರಲಿಲ್ಲವೆಂಬುದೇ ಗುಣವಾದುದಕ್ಕೆ ಕಾರಣ.

ಈ ಗಂಟನ್ನು ಬಿಡಿಸಿದವನು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಂ ಕಾರೆಲ್ ಡಿಕೆ. ಗೋಧಿಯ ಬಗ್ಗೆ ಆತನಿಗೆ ೧೯೩೦ರ ದಶಕದಲ್ಲಿಯೇ ಸಂಶಯವಿತ್ತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ೧೯೪೪-೪೫ರ ಚಳಿಗಾಲದಲ್ಲಿ ಆ ದೇಶ ಭೀಕರ ಕ್ಷಾಮಕ್ಕೆ ತುತ್ತಾಗಿ ಬ್ರೆಡ್ಡು ಸಿಗದಂತಾಯಿತು. ಊರೆಲ್ಲ ಹಸಿವಿನಿಂದ ಬಳಲುತ್ತಿದ್ದಾಗ ಸೀಲಿಯಾಕ್ ರೋಗದ ಮಕ್ಕಳು ಚೇತರಿಸಿಕೊಂಡದ್ದು, ಬ್ರೆಡ್ಡು ಮರಳಿ ಬಂದಾಗ ಮತ್ತೆ ಕಾಯಿಲೆ ಬಿದ್ದದ್ದು ಆತನ ಸಂಶಯವನ್ನು ಬಲಪಡಿಸಿತು. ೧೯೫೦ರಲ್ಲಿ ಡಿಕೆ ತನ್ನ ಸಂಶೋಧನೆಯನ್ನು ಪ್ರೌಢಪ್ರಬಂಧವಾಗಿ ಮಂಡಿಸಿದನು. ಆ ದಶಕದಲ್ಲಿಯೇ ಕರುಳಿನ ಚೂರನ್ನು ಶಸ್ತ್ರಚಿಕಿತ್ಸೆಯಿಲ್ಲದೆ ತೆಗೆದು ಪರೀಕ್ಷಿಸುವ ವಿಧಾನ ಬಳಕೆಗೆ ಬಂದು, ಚಾಚುಗಳ ಸವೆತ ಕಣ್ಣಿಗೆ ಕಾಣುವಂತಾಯಿತು.

ಭಾರತದಲ್ಲಿ

ಜಗತ್ತಿನ ಜನಸಂಖ್ಯೆಯಲ್ಲಿ ಸುಮಾರು ಶೇಕಡ ಒಂದರಷ್ಟು ಜನರಿಗೆ ಸೀಲಿಯಾಕ್ ರೋಗವಿದೆಯೆಂದು ಅಂದಾಜಿಸಲಾಗಿದೆ. ಭಾರತದ ಮೂರು ಪ್ರದೇಶಗಳ ವಯಸ್ಕರನ್ನು ಕುರಿತು ೨೦೧೬ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇದರ ಪ್ರಮಾಣ ಉತ್ತರದಲ್ಲಿ ಶೇ. ೧.೨೩, ಈಶಾನ್ಯದಲ್ಲಿ ಶೇ. ೦.೮೭ ಮತ್ತು ದಕ್ಷಿಣದಲ್ಲಿ ಶೇ. ೦.೧೦ ಎಂದು ಕಂಡುಬಂದಿತು. ರೋಗಕ್ಕೆ ಎಡೆಮಾಡುವ ವಂಶವಾಹಿಗಳು ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ಗೋಧಿಯ ಬಳಕೆ ಮಾತ್ರ ದಕ್ಷಿಣದಲ್ಲಿ ಬಹಳ ಕಡಿಮೆಯಿತ್ತು. ಅಕ್ಕಿ, ರಾಗಿ, ಜೋಳಗಳ ನಾಡಾದ ಕರ್ನಾಟಕದಲ್ಲಿ ರೋಗ ವಿರಳವೆಂಬ ಭಾವನೆಯಿಂದಲೇ ಇದರ ಸಂಶಯ ತಡವಾಗಿ ಹುಟ್ಟುವ ಸಾಧ್ಯತೆಯಿದೆ. ಚಪಾತಿ, ಬ್ರೆಡ್ಡು, ಬಿಸ್ಕತ್ತು, ನೂಡಲ್ಸುಗಳು ನಿತ್ಯದ ಆಹಾರವಾಗಿರುವ ಮನೆಗಳಲ್ಲಿ ಈ ಎಚ್ಚರ ಅಗತ್ಯ.

ಲಕ್ಷಣಗಳು

ಚಿಕ್ಕ ಮಕ್ಕಳಲ್ಲಿ ನಿಲ್ಲದ ಭೇದಿ, ಉಬ್ಬಿದ ಹೊಟ್ಟೆ, ಸಣಕಲು ಕೈಕಾಲು, ಕಿರಿಕಿರಿಯ ಸ್ವಭಾವ, ಕುಂಠಿತ ಬೆಳವಣಿಗೆ ಸಾಮಾನ್ಯ. ಶಾಲಾ ವಯಸ್ಸಿನವರಲ್ಲಿ ಹೊಟ್ಟೆಯ ತೊಂದರೆ ಅಷ್ಟಾಗಿ ಇಲ್ಲದೆ, ವಯಸ್ಸಿಗೆ ತಕ್ಕ ಎತ್ತರವಿಲ್ಲದಿರುವುದು, ತಡವಾದ ಪ್ರಾಯ, ಸದಾ ಆಯಾಸ ಮಾತ್ರ ಕಾಣಬಹುದು. ತರಗತಿಯಲ್ಲಿ ತೂಕಡಿಸುವ, ಆಟಕ್ಕೆ ಬಾರದ ಮಗುವನ್ನು ಸೋಮಾರಿಯೆಂದು ತಿಳಿಯುವ ಮೊದಲು ಅದರ ಎತ್ತರ, ತೂಕ ಮತ್ತು ರಕ್ತದ ಪರೀಕ್ಷೆಯಾಗುವುದು ಒಳ್ಳೆಯದು. ವಯಸ್ಕರಲ್ಲಿ ಕಬ್ಬಿಣದ ಮಾತ್ರೆಗೂ ಜಗ್ಗದ ರಕ್ತಹೀನತೆ, ಮೂಳೆ ಸವೆತ, ಪದೇ ಪದೇ ಬಾಯಿಹುಣ್ಣು, ಬಂಜೆತನ, ಮರುಕಳಿಸುವ ಗರ್ಭಪಾತ ಇವು ಸೂಚನೆಗಳಾಗಬಹುದು. ಕೆಲವರಲ್ಲಿ ಮೊಣಕೈ, ಮೊಣಕಾಲುಗಳ ಮೇಲೆ ವಿಪರೀತ ತುರಿಸುವ ಗುಳ್ಳೆಗಳೇಳುತ್ತವೆ. ಒಂದನೆಯ ಬಗೆಯ ಮಧುಮೇಹ ಮತ್ತು ಥೈರಾಯ್ಡಿನ ಸ್ವಯಂ ಪ್ರತಿರಕ್ಷಣಾ ಕಾಯಿಲೆಗಳಿರುವವರಲ್ಲಿ ಈ ರೋಗ ಹೆಚ್ಚು.

ರೋಗನಿರ್ಣಯ

ಮೊದಲ ಹಂತ ರಕ್ತಪರೀಕ್ಷೆ. ಇದರಲ್ಲಿ ಟಿಟಿಜಿ-ಐಜಿಎ ಎಂಬ ಪ್ರತಿಕಾಯವನ್ನೂ, ಅದರೊಡನೆ ಒಟ್ಟು ಐಜಿಎ ಪ್ರಮಾಣವನ್ನೂ ನೋಡುತ್ತಾರೆ. ಕೆಲವರಲ್ಲಿ ಐಜಿಎ ಹುಟ್ಟಿನಿಂದಲೇ ಕಡಿಮೆಯಿರುವುದರಿಂದ ಮೊದಲ ಪರೀಕ್ಷೆಯೊಂದನ್ನೇ ನಂಬಿದರೆ ರೋಗ ತಪ್ಪಿಹೋಗಬಹುದು. ಎರಡನೆಯ ಹಂತದಲ್ಲಿ ಎಂಡೋಸ್ಕೋಪಿಯ ಮೂಲಕ ಸಣ್ಣ ಕರುಳಿನಿಂದ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ವಂಶವಾಹಿ ಪರೀಕ್ಷೆಯು ರೋಗವಿದೆಯೆಂದು ಸಾಧಿಸಲಾರದು. ಆ ವಂಶವಾಹಿಗಳು ಇಲ್ಲವಾದರೆ ರೋಗದ ಸಾಧ್ಯತೆ ಬಹುಮಟ್ಟಿಗೆ ಇಲ್ಲವೆನ್ನಬಹುದು.

ಪರೀಕ್ಷೆಗೆ ಮುಂಚೆ ಗೋಧಿಯನ್ನು ಬಿಡಬಾರದು. ಬಿಟ್ಟರೆ ಪ್ರತಿಕಾಯಗಳು ಇಳಿದು, ಕರುಳು ಮಾಯತೊಡಗಿ, ರೋಗವಿದ್ದರೂ ಇಲ್ಲವೆಂಬ ಫಲಿತಾಂಶ ಬರುತ್ತದೆ. ಈಗಾಗಲೇ ಬಿಟ್ಟಿರುವವರು ವೈದ್ಯರ ಸಲಹೆಯ ಮೇರೆಗೆ ಕನಿಷ್ಠ ಆರು ವಾರ ಪ್ರತಿದಿನ ಗೋಧಿಯನ್ನು ತಿಂದು ಪರೀಕ್ಷೆಗೆ ಒಳಗಾಗಬೇಕಾಗುತ್ತದೆ. ಹೀಗೆ ಮತ್ತೆ ನರಳುವುದಕ್ಕಿಂತ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

ಆಹಾರ ಸಂವೇದನೆಯನ್ನು ಗುರುತಿಸುವ ಬಗೆ

ಸೀಲಿಯಾಕ್ ರೋಗವೂ ಅಲರ್ಜಿಯೂ ಇಲ್ಲವೆಂದು ತಿಳಿದ ಮೇಲೆ ಯಾವ ಆಹಾರ ಒಗ್ಗುವುದಿಲ್ಲವೆಂಬುದನ್ನು ಕ್ರಮವಾಗಿ ಕಂಡುಕೊಳ್ಳಬಹುದು.

೧. ದಿನಚರಿ: ಎರಡು ಮೂರು ವಾರ ತಿಂದುದು, ತಿಂದ ಹೊತ್ತು, ತೊಂದರೆ ಕಾಣಿಸಿಕೊಂಡ ಹೊತ್ತು ಇವನ್ನು ಬರೆದಿಡುವುದು. ಕಾಫಿ, ಚಹಾ, ಔಷಧ, ನಿದ್ರೆ, ಮುಟ್ಟಿನ ದಿನಗಳನ್ನೂ ಗುರುತಿಸಬೇಕು.

೨. ವರ್ಜನೆ: ಸಂಶಯವಿರುವ ಒಂದು ಆಹಾರವನ್ನು ಎರಡರಿಂದ ಆರು ವಾರ ಪೂರ್ಣವಾಗಿ ಬಿಡುವುದು. ಹಲವನ್ನು ಒಟ್ಟಿಗೆ ಬಿಟ್ಟರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದಿಲ್ಲ.

೩. ಮರುಸೇವನೆ: ಬಿಟ್ಟುದನ್ನು ಸ್ವಲ್ಪ ಸ್ವಲ್ಪವಾಗಿ ಮೂರು ದಿನ ಸೇವಿಸಿ ನೋಡುವುದು. ತೊಂದರೆ ಮರಳಿದರೆ ಸಂಶಯ ದೃಢವಾಗುತ್ತದೆ. ಮರಳದಿದ್ದರೆ ಆ ಆಹಾರ ನಿರ್ದೋಷಿ.

ಅನೇಕರು ಮರೆಯುವುದು ಮೂರನೆಯ ಹಂತವನ್ನು. ಅದಿಲ್ಲದೆ ಪಥ್ಯದ ಪಟ್ಟಿ ಬೆಳೆಯುತ್ತ ಹೋಗಿ ದೇಹ ಸೊರಗುತ್ತದೆ. ಮಕ್ಕಳು, ಗರ್ಭಿಣಿಯರು ಮತ್ತು ತೂಕ ಕಡಿಮೆಯಿರುವವರು ಆಹಾರತಜ್ಞರ ನೆರವಿಲ್ಲದೆ ಇದನ್ನು ಮಾಡಬಾರದು. ಹಿಂದೆ ಊತ ಅಥವಾ ಉಸಿರಾಟದ ತೊಂದರೆ ಉಂಟುಮಾಡಿದ ಆಹಾರವನ್ನು ಮನೆಯಲ್ಲಿ ಮರುಪ್ರಯೋಗ ಮಾಡಲೇಬಾರದು.

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದಿರುವುದೂ ಇದೇ ಲಕ್ಷಣಗಳನ್ನು ತೋರುತ್ತದೆ. ಇದನ್ನು ಉಸಿರಿನ ಹೈಡ್ರೋಜನ್ ಪರೀಕ್ಷೆಯಿಂದ ಪತ್ತೆಹಚ್ಚಬಹುದು. ಇಂತಹವರಿಗೆ ಹಾಲು ಒಗ್ಗದಿದ್ದರೂ ಮೊಸರು, ಮಜ್ಜಿಗೆಗಳು ಸಾಮಾನ್ಯವಾಗಿ ಒಗ್ಗುತ್ತವೆ. ಸೀಲಿಯಾಕ್ ರೋಗದಿಂದ ಕರುಳು ಹಾನಿಗೊಂಡಾಗ ತಾತ್ಕಾಲಿಕವಾಗಿ ಹಾಲು ಒಗ್ಗದಿರುವುದೂ ಉಂಟು. ಒಂದೇ ಹನಿ ರಕ್ತದಿಂದ ನೂರಾರು ಆಹಾರಗಳ ಸಂವೇದನೆಯನ್ನು ಹೇಳುವೆವೆಂಬ ಐಜಿಜಿ ಪರೀಕ್ಷೆಗಳನ್ನು ಅಲರ್ಜಿ ತಜ್ಞರ ಸಂಘಗಳು ಶಿಫಾರಸು ಮಾಡುವುದಿಲ್ಲ. ಈ ಪ್ರತಿಕಾಯಗಳು ಆ ಆಹಾರವನ್ನು ತಿಂದಿರುವುದನ್ನಷ್ಟೇ ಸೂಚಿಸುತ್ತವೆ.

ಪಥ್ಯ

ಸೀಲಿಯಾಕ್ ರೋಗಕ್ಕೆ ಜೀವನಪರ್ಯಂತ ಗ್ಲುಟೆನ್ ವರ್ಜನೆಯೇ ಚಿಕಿತ್ಸೆ. ಅಕ್ಕಿ, ರಾಗಿ, ಜೋಳ, ಮೆಕ್ಕೆಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಬರಗು, ಬೇಳೆಕಾಳುಗಳು, ತರಕಾರಿ, ಹಣ್ಣು, ಹಾಲು, ಮೊಟ್ಟೆ, ಮೀನು, ಮಾಂಸ ಇವು ಸಹಜವಾಗಿಯೇ ಗ್ಲುಟೆನ್‌ರಹಿತ. ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ಇಡ್ಲಿ, ನೀರುದೋಸೆಗಳನ್ನು ನಿರಾತಂಕವಾಗಿ ಉಣ್ಣಬಹುದು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುವುದರಿಂದ ಮೂಳೆ ಸವೆದವರಿಗೆ ಅದು ವಿಶೇಷವಾಗಿ ಹಿತ.

ಉಪ್ಪಿಟ್ಟು, ಕೇಸರಿಬಾತು, ರವೆ ಇಡ್ಲಿ, ರವೆ ದೋಸೆ, ಹೋಳಿಗೆ, ಚಿರೋಟಿ, ಗೋಧಿ ಹುಗ್ಗಿ, ಗೋಳಿಬಜೆ, ಮದ್ದೂರು ವಡೆ ವರ್ಜ್ಯ. ಕೋಡುಬಳೆ, ನಿಪ್ಪಟ್ಟುಗಳಿಗೆ ಅಕ್ಕಿಹಿಟ್ಟಿನೊಡನೆ ಮೈದಾ ಅಥವಾ ಚಿರೋಟಿ ರವೆ ಸೇರಿಸುವ ರೂಢಿಯಿದೆ. ಅಂಗಡಿಯ ಇಂಗಿಗೆ ಗೋಧಿಹಿಟ್ಟು ಬೆರೆತಿರುವುದುಂಟು. ಸೋಯಾ ಸಾಸ್ ಹಾಗೂ ಮಾಲ್ಟ್ ಸೇರಿದ ಪಾನೀಯಗಳನ್ನೂ ಪರಿಶೀಲಿಸಬೇಕು. ಓಟ್ಸ್ ಬಹುಪಾಲು ರೋಗಿಗಳಿಗೆ ಒಗ್ಗಿದರೂ ಸಾಮಾನ್ಯ ಓಟ್ಸಿನಲ್ಲಿ ಗೋಧಿಯ ಬೆರಕೆ ಇರುತ್ತದೆ.

ಬೆರಕೆ ಇನ್ನೊಂದು ತೊಡಕು. ಗೋಧಿ ಬೀಸಿದ ಗಿರಣಿಯಲ್ಲಿಯೇ ಜೋಳ ಬೀಸಿದರೆ ಮೊದಲ ಹಿಟ್ಟಿನಲ್ಲಿ ಗೋಧಿ ಸೇರಿರುತ್ತದೆ. ಚಪಾತಿಯ ಕಾವಲಿ, ಲಟ್ಟಣಿಗೆ, ಜರಡಿ, ಮೈದಾ ತಿಂಡಿ ಕರಿದ ಎಣ್ಣೆ ಇವುಗಳಿಂದಲೂ ಅಪಾಯವಿದೆ. ಮನೆಯಲ್ಲಿ ಕಾವಲಿ ಮತ್ತು ಡಬ್ಬಿಗಳನ್ನು ಬೇರೆಯಾಗಿಡುವುದು, ಧಾನ್ಯವನ್ನು ಮನೆಯಲ್ಲಿಯೇ ತೊಳೆದು ಬೀಸುವುದು ಸೂಕ್ತ. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡ ಹಾಗೂ ಭಾರತದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಗ್ಲುಟೆನ್‌ರಹಿತವೆಂದು ಮಾರುವ ಆಹಾರದ ಒಂದು ಕಿಲೋಗ್ರಾಂನಲ್ಲಿ ೨೦ ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು.

ಪಥ್ಯ ಹಿಡಿದ ಕೆಲವೇ ವಾರಗಳಲ್ಲಿ ಹಲವರ ಲಕ್ಷಣಗಳು ಇಳಿಯುತ್ತವೆ. ಕರುಳು ಪೂರ್ಣವಾಗಿ ಮಾಯಲು ವಯಸ್ಕರಲ್ಲಿ ಎರಡು ವರ್ಷ ಅಥವಾ ಹೆಚ್ಚು ಕಾಲ ಬೇಕಾಗಬಹುದು. ಲಕ್ಷಣವಿಲ್ಲವೆಂದು ಪಥ್ಯ ಬಿಟ್ಟರೆ ಹಾನಿ ಒಳಗೇ ಮುಂದುವರಿಯುತ್ತದೆ.

ಮನೆ ಮತ್ತು ಸಮಾಜ

ಈ ಪಥ್ಯದ ಕಷ್ಟ ಅಡುಗೆಮನೆಗಿಂತ ಪಂಕ್ತಿಯಲ್ಲಿ ಹೆಚ್ಚು. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ರವೆಯದು. ಗಣೇಶನ ಹಬ್ಬದ ಕರಿಗಡುಬಿನ ಕಣಕ ಮೈದಾ ಅಥವಾ ಗೋಧಿಯದು. ಪ್ರಸಾದವನ್ನು ಬೇಡವೆನ್ನುವುದು ಹಿರಿಯರಿಗೂ ಮಕ್ಕಳಿಗೂ ಸಂಕೋಚದ ವಿಷಯ. ಒಂದು ಚಿಟಿಕೆಯಿಂದ ಏನಾದೀತು ಎಂಬ ಮಾತು ಪ್ರೀತಿಯಿಂದಲೇ ಬಂದರೂ ಸೀಲಿಯಾಕ್ ರೋಗಿಗೆ ಆ ಚಿಟಿಕೆಯೂ ಕೆಡುಕು. ಹಣ್ಣು, ಅಕ್ಕಿಯ ಮೋದಕ ಅಥವಾ ಅವಲಕ್ಕಿಯ ನೈವೇದ್ಯವನ್ನೂ ಇಟ್ಟರೆ ಯಾರೂ ಪಂಕ್ತಿಯಿಂದ ಏಳಬೇಕಾಗುವುದಿಲ್ಲ. ಮಗುವಿಗೆ ರೋಗವಿದ್ದಲ್ಲಿ ಪೋಷಕರು ಶಾಲೆಗೆ ಲಿಖಿತವಾಗಿ ತಿಳಿಸುವುದು, ಹುಟ್ಟುಹಬ್ಬಗಳಲ್ಲಿ ಹಂಚುವ ಕೇಕು, ಬಿಸ್ಕತ್ತುಗಳ ಬದಲು ಅದಕ್ಕೂ ಸಲ್ಲುವ ಕಡಲೆಮಿಠಾಯಿ, ಎಳ್ಳುಂಡೆಗಳನ್ನು ಇರಿಸಿಕೊಳ್ಳುವುದು ಸರಳ ಪರಿಹಾರಗಳು.