ಎಚ್‌ಎಎಲ್ ರನ್‌ವೇಯ ಬಾಡಿಗೆದಾರರು

ಕಳಸ, ಮೂಡಿಗೆರೆ ಕಡೆಯವರು ವಿಮಾನ ಹತ್ತಬೇಕೆಂದರೆ ಒಂದೋ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಹೋಗಬೇಕು, ಇಲ್ಲವೇ ರಾತ್ರಿ ಬಸ್ಸು ಹಿಡಿದು ಬೆಂಗಳೂರು ಸೇರಬೇಕು. 2023ರ ಫೆಬ್ರುವರಿಯಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ನಿಲ್ದಾಣ ತೆರೆದ ಮೇಲೆ ಮೂರನೆಯ ದಾರಿಯೂ ಆಯಿತು. 2008ರವರೆಗೆ ಬೆಂಗಳೂರಿನ ದಾರಿ ಮುಗಿಯುತ್ತಿದ್ದದ್ದು ದೇವನಹಳ್ಳಿಯಲ್ಲಲ್ಲ. ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು ಆಟೋದವನ ಜೊತೆ ಚೌಕಾಸಿ ಮಾಡಿ ಎಚ್‌ಎಎಲ್ ನಿಲ್ದಾಣ ತಲುಪುತ್ತಿದ್ದರು. ಕಾಫಿ ಸೀಮೆಯಿಂದ ಹೊರದೇಶಕ್ಕೆ ಹೊರಟ ಮಕ್ಕಳನ್ನು ಕಳಿಸಿಕೊಡಲು ಬಂದ ಎಷ್ಟೋ ತಂದೆತಾಯಂದಿರು ಆ ಇಕ್ಕಟ್ಟಿನ ಟರ್ಮಿನಲ್ ಎದುರು ಕಾದಿದ್ದಾರೆ.

ಆ ರನ್‌ವೇ ಹುಟ್ಟಿದ್ದು ಮಾತ್ರ ಪ್ರಯಾಣಿಕರಿಗಾಗಿ ಅಲ್ಲ, ಕಾರ್ಖಾನೆಗಾಗಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ ಈ ದೇಶದಲ್ಲೇ ವಿಮಾನ ಕಟ್ಟುವ ಹಂಬಲ. ಅಮೆರಿಕದ ವಿಲಿಯಂ ಪಾಲಿ ಜೊತೆಯಾದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರ ಜಾಗವನ್ನೂ ಕೊಟ್ಟಿತು, ಬಂಡವಾಳವನ್ನೂ ಹಾಕಿತು. 1940ರ ಡಿಸೆಂಬರ್ 23ರಂದು ಮುಂದೆ ಎಚ್‌ಎಎಲ್ ಆದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುವಾಯಿತು. ಮರುವರ್ಷವೇ ಹಾರ್ಲೋ ತರಬೇತಿ ವಿಮಾನ ಇಲ್ಲಿಂದ ಮೇಲೇರಿತು. ಜಪಾನ್ ಯುದ್ಧಕ್ಕಿಳಿದದ್ದೇ ತಡ, ಕಟ್ಟುವ ಕೆಲಸ ಹಿಂದೆ ಬಿದ್ದು ರಿಪೇರಿಯೇ ಮುಖ್ಯವಾಯಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನೆಯ ಕೈಗೆ ಹೋಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ರಿಪೇರಿಗೆಂದು ಬಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಆ ಕೆರೆಯನ್ನು ನೊರೆ ಉಕ್ಕಿದ, ಬೆಂಕಿ ಹತ್ತಿಕೊಂಡ ಸುದ್ದಿಗಳಲ್ಲೇ ಕಂಡ ಇಂದಿನವರು ಇದನ್ನು ಸುಲಭಕ್ಕೆ ನಂಬಲಿಕ್ಕಿಲ್ಲ.

ಯುದ್ಧ ಮುಗಿದ ಮೇಲೆ ನಾಗರಿಕ ವಿಮಾನಗಳೂ ಇದೇ ಪಟ್ಟಿಗೆ ಇಳಿಯತೊಡಗಿದವು. ಪ್ರಯಾಣಿಕರ ಟರ್ಮಿನಲ್ ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲಿಗೆ ಬಂದರೂ ರನ್‌ವೇ ಮತ್ತು ಹಾರಾಟ ನಿಯಂತ್ರಣ ಎಚ್‌ಎಎಲ್ ಕೈಯಲ್ಲೇ ಉಳಿಯಿತು. ವಾಯುಪಡೆಯ ಪರೀಕ್ಷಾ ಪೈಲಟ್‌ಗಳ ಕೇಂದ್ರವೂ ಪಕ್ಕದಲ್ಲೇ. 1961ರ ಜೂನ್‌ನಲ್ಲಿ ಮಾರುತ್, 2001ರ ಜನವರಿ 4ರಂದು ತೇಜಸ್ ಯುದ್ಧವಿಮಾನಗಳು ಮೊದಲ ಸಲ ಹಾರಿದ್ದೂ ಇಲ್ಲಿಂದಲೇ. ಇದ್ದದ್ದು ಸುಮಾರು 3.3 ಕಿಲೋಮೀಟರ್ ಉದ್ದದ ಒಂದೇ ರನ್‌ವೇ. ಹೊಸ ಯುದ್ಧವಿಮಾನಕ್ಕೂ ಮುಂಬೈ ವಿಮಾನಕ್ಕೂ ಅದೇ ಗತಿ.

2003ರಲ್ಲಿ ಅಗ್ಗದ ವಿಮಾನ ಸಂಸ್ಥೆ ಏರ್ ಡೆಕ್ಕನ್ ಬಂತು. ಅದನ್ನು ಕಟ್ಟಿದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ನಮ್ಮ ಸೀಮೆಗೆ ದೂರದವರೇನಲ್ಲ, ಜಾವಗಲ್ ಬಳಿ ಕೃಷಿ ಮಾಡಿದವರು. ಟಿಕೆಟ್ ಅಗ್ಗವಾದದ್ದೇ ಜನ ಮುಗಿಬಿದ್ದರು. ಟರ್ಮಿನಲ್ ಹಿಗ್ಗಿಸೋಣವೆಂದರೆ ಸುತ್ತ ಕಾರ್ಖಾನೆ, ಸೇನೆಯ ಜಾಗ, ಬೆಳೆದು ನಿಂತ ಊರು.

2004ರ ದೇವನಹಳ್ಳಿ ನಿಲ್ದಾಣದ ಒಪ್ಪಂದದಲ್ಲಿ ಎಚ್‌ಎಎಲ್‌ನ ಹಣೆಬರಹವೂ ಇತ್ತು: ಹೊಸ ನಿಲ್ದಾಣ ತೆರೆದ ದಿನ ಇಲ್ಲಿನ ನಿಗದಿತ ವಿಮಾನಗಳು ನಿಲ್ಲಬೇಕು. ಎರಡೂ ಇರಲಿ ಎಂದು ಬೆಂಗಳೂರಿಗರು ಕೂಗಾಡಿದರು, ನ್ಯಾಯಾಲಯಕ್ಕೂ ಹೋದರು, ಫಲ ಸಿಗಲಿಲ್ಲ. 2008ರ ಮೇ 24ರಿಂದ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಹತ್ತಿರದ ಊರುಗಳಿಗೆ ಹಾರುವ ಸಣ್ಣ ವಿಮಾನಗಳನ್ನಾದರೂ ಇಲ್ಲಿ ಉಳಿಸಬಹುದಿತ್ತು ಎಂಬ ವಾದ ನನಗೆ ಈಗಲೂ ಸರಿ ಎನಿಸುತ್ತದೆ. ಆದರೆ ಕಾರ್ಖಾನೆಯ ರನ್‌ವೇಗೆ ಬಾಡಿಗೆದಾರರಂತಿದ್ದ ಪ್ರಯಾಣಿಕರಿಗೆ ಕರಾರಿನಲ್ಲಿ ಮಾತೇ ಇರಲಿಲ್ಲ. ಈಗ ಆ ರನ್‌ವೇ ಮೇಲೆ ತೇಜಸ್, ಹೆಲಿಕಾಪ್ಟರ್‌ಗಳು, ಗಣ್ಯರ ವಿಮಾನಗಳು.

ಬೀದರಿನದ್ದೂ ಇಂಥದೇ ಕತೆ. ಹೈದರಾಬಾದ್ ನಿಲ್ದಾಣದ ಸುತ್ತ 150 ಕಿಲೋಮೀಟರ್ ಒಳಗೆ ಬೇರೆ ನಿಲ್ದಾಣ ಕೂಡದೆಂಬ ಕರಾರಿಗೆ ಸಿಕ್ಕಿ ವರ್ಷಗಟ್ಟಲೆ ಕಾದು, 2020ರ ಫೆಬ್ರುವರಿ 7ರಂದು ಅಲ್ಲಿ ನಾಗರಿಕ ಟರ್ಮಿನಲ್ ತೆರೆಯಿತು. ರನ್‌ವೇ ವಾಯುಪಡೆಯದು.