ಹರನು ಮೊದಲೋ, ಶಕ್ತಿ ಮೊದಲೋ

ಇಂಡಿ ಮತ್ತು ಸಿಂದಗಿಗಳ ನಡುವಣ ಎರೆಯ ಬಯಲಿನಲ್ಲಿ ತಾಂಬಾ ಎಂಬ ಊರಿದೆ. ಹಿಂಗಾರಿ ಜೋಳದ ರಾಶಿ ಮುಗಿದು, ಎತ್ತಿನ ಹೆಗಲಿಗೂ ರೈತನ ಹೆಗಲಿಗೂ ನಾಲ್ಕು ದಿನದ ಬಿಡುವು ದೊರೆತ ಕಾಲದಲ್ಲಿ ಈ ಸೀಮೆಯ ಊರೂರಿನ ಜಾತ್ರೆಗಳು ಒಂದರ ಬೆನ್ನಿಗೊಂದು ಬರುತ್ತವೆ. ಆಗ ಗುಡಿಯ ಮುಂದಣ ಕಟ್ಟೆಯ ಮೇಲೆ ಎರಡು ಮೇಳಗಳು ಎದುರುಬದುರಾಗಿ ನಿಂತು, ದಪ್ಪಿನ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿಗೊಳಿಸಿ, ತುಂತುಣಿಯ ತಂತಿಯನ್ನು ಮಿಡಿದು, ತಾಳವನ್ನು ಕೂಡಿಸಿಕೊಂಡು ಆರಂಭಿಸುವ ವಾದವು ಬೆಳ್ಳಿ ಮೂಡುವವರೆಗೂ ಮುಗಿಯುವುದಿಲ್ಲ. ವಾದದ ವಿಷಯವಾದರೂ ಸಾಮಾನ್ಯವಾದುದಲ್ಲ. ಭೂಮಿಯೂ ಆಕಾಶವೂ ಇಲ್ಲದಿದ್ದಾಗ ಇದ್ದವರಾರು? ನಿರಾಕಾರಕ್ಕೆ ಆಕಾರವನ್ನು ಕೊಟ್ಟವರಾರು? ಹರನು ಮೊದಲೋ, ಶಕ್ತಿ ಮೊದಲೋ? ಗಂಡು ಹೆಚ್ಚೋ, ಹೆಣ್ಣು ಹೆಚ್ಚೋ? ಬ್ರಹ್ಮಾಂಡದ ಮೂಲವನ್ನು ಕುರಿತ ಈ ಪ್ರಶ್ನೆಗಳನ್ನು ಹಾಡಿನಲ್ಲಿ ಎಸೆದು, ಹಾಡಿನಲ್ಲಿಯೇ ಉತ್ತರಿಸಿ, ಉತ್ತರದ ಬಾಲಕ್ಕೆ ಇನ್ನೊಂದು ಪ್ರಶ್ನೆಯನ್ನು ಕಟ್ಟಿ ಹಿಂದಿರುಗಿಸುವ ಈ ವಿದ್ಯೆಯನ್ನು ನಮ್ಮ ಜನ ಹರದೇಶಿ-ನಾಗೇಶಿ ಎಂದು ಕರೆಯುತ್ತಾರೆ.

ಹರದೇಶಿಯವರದು ಶಿವಪಕ್ಷ, ಪುರುಷಪಕ್ಷ. ನಾಗೇಶಿಯವರದು ಶಕ್ತಿಪಕ್ಷ, ಪ್ರಕೃತಿಯ ಪಕ್ಷ. ಮರಾಠಿ ನಾಡಿನಲ್ಲಿ ಇದೇ ಭೇದವು ತುರಾ ಮತ್ತು ಕಲ್ಗಿ ಎಂಬ ಹೆಸರುಗಳಿಂದ ಪ್ರಸಿದ್ಧವಾಗಿದೆ. ತುಕನಗೀರನೆಂಬ ಗೋಸಾವಿಯೂ ಶಾಹ ಅಲಿಯೆಂಬ ಫಕೀರನೂ ಚಂದೇರಿಯ ಅರಸನ ಸಭೆಯಲ್ಲಿ, ಒಬ್ಬನು ಶಿವನ ಪರವಾಗಿಯೂ ಇನ್ನೊಬ್ಬನು ಶಕ್ತಿಯ ಪರವಾಗಿಯೂ, ಸೋಲುಗೆಲವು ತೀರದಂತೆ ಹಾಡಿದರೆಂದೂ, ಅರಸನು ಮೆಚ್ಚಿ ತನ್ನ ಮುಡಿಯ ತುರಾಯಿಯನ್ನು ಒಬ್ಬನಿಗೆ, ಕಲ್ಗಿಯನ್ನು ಇನ್ನೊಬ್ಬನಿಗೆ ಕೊಟ್ಟನೆಂದೂ ಐತಿಹ್ಯವುಂಟು. ಶಕ್ತಿಯ ಪಕ್ಷವನ್ನು ಹಿಡಿದು ವಾದಿಸಿದವನು ಒಬ್ಬ ಮುಸಲ್ಮಾನ ಫಕೀರನೆಂಬುದು ಕೇಳುವವರಿಗೆ ಸೋಜಿಗವೆನಿಸಬಹುದು. ಆದರೆ ವಿಜಾಪುರದ ಅರಸ ಎರಡನೆಯ ಇಬ್ರಾಹಿಂ ಆದಿಲಶಾಹನು ತನ್ನ ‘ಕಿತಾಬ್-ಎ-ನವರಸ’ದಲ್ಲಿ ಸರಸ್ವತಿಯನ್ನು ಸ್ತುತಿಸಿ, ಪ್ರಜೆಗಳಿಂದ ಜಗದ್ಗುರುವೆನ್ನಿಸಿಕೊಂಡು, ಸಂಗೀತಕ್ಕಾಗಿಯೇ ನವರಸಪುರವೆಂಬ ಹೊಸ ನಗರವನ್ನು ಕಟ್ಟಹೊರಟ ನೆಲದಲ್ಲಿ ಹುಟ್ಟಿದವರಿಗೆ ಅದು ತೀರ ಸಹಜವಾದ ಸಂಗತಿ.

ಮೇಳವೆಂದರೆ ದೊಡ್ಡ ಪರಿವಾರವೇನೂ ಇಲ್ಲ. ಮುಂದೆ ನಿಂತು ದಪ್ಪು ಬಾರಿಸುತ್ತ ಹಾಡುವವರು ಒಬ್ಬರು. ಹಿಂದೆ ತುಂತುಣಿ ಮತ್ತು ತಾಳ ಹಿಡಿದು ಸೂರು ಕೊಡುವವರು ಇಬ್ಬರು. ಮುಮ್ಮೇಳದವರು ಒಂದು ನುಡಿಯನ್ನು ಮುಗಿಸಿ ಉಸಿರೆಳೆದುಕೊಳ್ಳುವ ಹೊತ್ತಿಗೆ ಹಿಮ್ಮೇಳದವರು ‘ಗೀ ಗೀ’ ಎಂಬ ಸೊಲ್ಲನ್ನು ಮೇಲೆತ್ತಿ ಹಿಡಿಯುವುದರಿಂದಲೇ ಇಂಥ ಹಾಡುಗಳಿಗೆ ಗೀಗೀ ಪದವೆಂಬ ಹೆಸರು ಬಂದಿತು. ಹಾಡಿನ ಕಟ್ಟಡ ಮಾತ್ರ ಶಾಸ್ತ್ರೀಯ ರಚನೆಗಳಷ್ಟೇ ನಿಯಮಬದ್ಧವಾದುದು. ಮೊದಲು ಸಖಿಯೆಂಬ ಪೀಠಿಕೆ, ಆಮೇಲೆ ಪಲ್ಲ, ಪಲ್ಲದ ಬೆನ್ನಿಗೆ ನುಡಿ, ನುಡಿಯೊಳಗೆ ಚಾಲು, ಲಯವು ಬಿಗಿಗೊಂಡು ಓಡುವಲ್ಲಿ ಏರು, ಓಟ ತಗ್ಗಿ ನೆಲಕ್ಕಿಳಿಯುವಲ್ಲಿ ಇಳುವು, ಕಡೆಗೆ ಮತ್ತೆ ಪಲ್ಲಕ್ಕೆ ತಂದು ಮುಟ್ಟಿಸುವ ಕೂಡುಪಲ್ಲ. ಕೊನೆಯ ನುಡಿಯಲ್ಲಿ ಕವಿಯು ತನ್ನ ಊರನ್ನೂ ಗುರುವನ್ನೂ ಅಂಕಿತವಾಗಿ ಹೆಣೆಯುವನು. ಇಷ್ಟು ಅಂಗಗಳ ನಡುವೆ ಪ್ರಾಸವು ತಪ್ಪದಂತೆ, ದಪ್ಪಿನ ಪೆಟ್ಟು ಜಾರದಂತೆ, ಎದುರಾಳಿಯು ಈಗ ತಾನೆ ಒಡ್ಡಿದ ಪ್ರಶ್ನೆಗೆ ತಕ್ಕ ಹಾಡನ್ನು ನೆನಪಿನ ಭಂಡಾರದಿಂದ ತೆಗೆದು ನಿಲ್ಲಿಸುವುದೆಂದರೆ ಅದಕ್ಕೆ ಬೇಕಾದ ಧಾರಣಶಕ್ತಿ ಎಷ್ಟೆಂಬುದನ್ನು ಓದುಗರೇ ಊಹಿಸಿಕೊಳ್ಳಬೇಕು.

ವಾದದ ಬಗೆಯನ್ನು ಸ್ವಲ್ಪ ತೋರಿಸುವೆನು. ಹರದೇಶಿಯವನು ಭೃಂಗಿಯ ಕಥೆಯನ್ನು ಎತ್ತಿಕೊಂಡನೆನ್ನೋಣ: ಶಿವನೊಬ್ಬನಿಗಲ್ಲದೆ ಅನ್ಯರಿಗೆ ಪ್ರದಕ್ಷಿಣೆ ಬಾರೆನೆಂದು ಹಟ ಹಿಡಿದ ಆ ಋಷಿಯು, ದೇವಿಯು ಪತಿಯ ಅರ್ಧದೇಹವಾಗಿ ಬೆರೆತು ನಿಂತಾಗಲೂ ಸೋಲದೆ, ದುಂಬಿಯ ರೂಪದಿಂದ ನಡುವೆ ಕೊರೆದು ಶಿವನ ಅರ್ಧವನ್ನಷ್ಟೇ ಸುತ್ತಿದನು, ಆದುದರಿಂದ ಹರನೇ ಹೆಚ್ಚು. ನಾಗೇಶಿಯವಳು ಅದೇ ಕಥೆಯ ಉಳಿದ ಅರ್ಧವನ್ನು ಹಾಡುವಳು: ದೇಹದಲ್ಲಿ ತನ್ನ ಪಾಲಿಗೆ ಸಂದ ರಕ್ತಮಾಂಸಗಳನ್ನು ದೇವಿಯು ಹಿಂದೆಗೆದುಕೊಂಡೊಡನೆ ಭೃಂಗಿಯು ಎಲುಬಿನ ಹಂದರವಾಗಿ ಕುಸಿದನಲ್ಲವೆ, ನಿಲ್ಲಲಿಕ್ಕೆ ಮೂರನೆಯ ಕಾಲನ್ನು ಬೇಡಿದನಲ್ಲವೆ? ಹರದೇಶಿಯವನು ರೇಣುಕೆಯನ್ನು ನೆನೆಯುವನು, ತಂದೆಯ ಒಂದು ಮಾತಿಗೆ ಮಗನು ತಾಯಿಯ ತಲೆ ಕಡಿದನೆನ್ನುವನು. ಕಡಿದ ಮಗನ ಗುಡಿಗಳೆಷ್ಟು, ಕಡಿಯಿಸಿಕೊಂಡ ತಾಯಿಯ ಗುಡ್ಡಕ್ಕೆ ಹುಣ್ಣಿಮೆ ಹುಣ್ಣಿಮೆಗೆ ನಡೆಯುವ ಜನವೆಷ್ಟು ಎಂದು ಅವಳು ಸವದತ್ತಿಯ ಕಡೆಗೆ ಕೈದೋರುವಳು. ಭಸ್ಮಾಸುರನಿಂದ ಶಿವನನ್ನು ಉಳಿಸಿದುದು ಹೆಣ್ಣಿನ ರೂಪವೆಂದು ಅವಳೆಂದರೆ, ಆ ಹೆಣ್ಣು ವೇಷ ತೊಟ್ಟ ಗಂಡೆಂದು ಇವನು. ವೇಷಕ್ಕಾದರೂ ನಮ್ಮ ರೂಪವೇ ಏಕೆ ಬೇಕಾಯಿತೆಂದು ಮತ್ತೆ ಅವಳು. ಕುಳಿತ ಜನ ಹೋ ಎನ್ನುವರು.

ಕಥೆಗಳಿಗಿಂತಲೂ ಗಹನವಾದುದು ಸವಾಲಿನ ಭಾಗ. ತತ್ತ್ವಗಳೆಷ್ಟು, ಅವುಗಳಲ್ಲಿ ಯಾವುದು ಯಾವುದರಿಂದ ಹುಟ್ಟಿತು, ಮೇಲಿನ ಏಳು ಲೋಕಗಳಾವುವು, ಕೆಳಗಿನ ಏಳು ಯಾವುವು, ಬ್ರಹ್ಮನ ಒಂದು ಹಗಲಿಗೆ ಮನುಷ್ಯರ ವರ್ಷಗಳೆಷ್ಟು, ಇಂಥವನ್ನೆಲ್ಲ ಒಗಟಿನ ಮುಸುಕಿನಲ್ಲಿ ಕೇಳತಕ್ಕದ್ದು. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ಯಂಥ ವಿಶ್ವಕೋಶದಲ್ಲಿ ಪಂಡಿತರು ಹುಡುಕಿ ಓದುವ ವಿಷಯಗಳು ಇಲ್ಲಿ ಓದುಬರಹ ಬಾರದವರ ನಾಲಗೆಯ ಮೇಲೆಯೂ ಲೀಲಾಜಾಲವಾಗಿ ನಲಿಯುತ್ತವೆ. ವಿಷಯಕ್ಕೆ ಸಮೀಪವಾದುದರಿಂದ ನನಗೆ ಅತ್ಯಂತ ಪ್ರಿಯವಾದ ಒಂದು ಪುರಾಣಕಥೆಯನ್ನು ಇಲ್ಲಿ ಹೇಳದೆ ಇರಲಾರೆ. ಕುಶಸ್ಥಲಿಯ ಅರಸನಾದ ರೈವತ ಕಕುದ್ಮಿಯು ತನ್ನ ಮಗಳು ರೇವತಿಗೆ ತಕ್ಕ ವರನಾರೆಂದು ಕೇಳುವ ಸಲುವಾಗಿ ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದನು. ಅಲ್ಲಿ ಗಂಧರ್ವರ ಗಾಯನ ನಡೆದಿತ್ತು. ಹಾಹಾ ಹೂಹೂ ಎಂಬವರು ಹಾಡುತ್ತಿದ್ದರೆಂದು ವಿಷ್ಣುಪುರಾಣವು ಹೆಸರನ್ನೂ ಹೇಳುತ್ತದೆ. ಹಾಡಿನ ನಡುವೆ ಮಾತಾಡುವುದು ಸಲ್ಲದೆಂದು ಅರಸನು ಕಾದು ನಿಂತನು. ಹಾಡು ಮುಗಿದ ಮೇಲೆ ತನ್ನ ಮನಸ್ಸಿನಲ್ಲಿದ್ದ ವರರ ಹೆಸರುಗಳನ್ನು ಅವನು ಬಿನ್ನವಿಸಲು, ಬ್ರಹ್ಮನು ನಕ್ಕು, ನೀನು ಹೇಳಿದವರ ಮಕ್ಕಳು ಮೊಮ್ಮಕ್ಕಳ ಹೆಸರುಗಳು ಕೂಡ ಭೂಮಿಯ ಮೇಲೆ ಉಳಿದಿಲ್ಲ, 27 ಚತುರ್ಯುಗಗಳು ಕಳೆದುಹೋದುವೆಂದು ತಿಳಿಸಿದನು. ಹಿಂದಿರುಗಿ ಬಂದ ರೇವತಿಯು ಆ ಕಾಲದ ಜನರಿಗಿಂತ ಬಹಳ ಎತ್ತರವಾಗಿದ್ದುದರಿಂದ ಬಲರಾಮನು ನೇಗಿಲ ತುದಿಯಿಂದ ಅವಳನ್ನು ತಗ್ಗಿಸಿ ಮದುವೆಯಾದನಂತೆ.

ಒಂದು ರಾತ್ರಿ, ಎರಡು ಮೇಳಗಳ ನಡುವೆ ಚಹಕ್ಕೆಂದು ವಿರಾಮ ಬಿದ್ದಾಗ, ನಾನು ಈ ಕಥೆಯ ಲೆಕ್ಕವನ್ನು ಮಾಡಿ ನೋಡಿದೆನು. ಒಂದು ಚತುರ್ಯುಗಕ್ಕೆ 43,20,000 ವರ್ಷ. 27 ಆದರೆ 11,66,40,000 ವರ್ಷ. ಬ್ರಹ್ಮನ ಒಂದು ಹಗಲಿಗೆ ಇಂಥ ಚತುರ್ಯುಗಗಳು 1,000. ಆ ಹಗಲನ್ನು ನಮ್ಮ 12 ತಾಸಿನ ಹಗಲಿಗೆ ಸಮನೆಂದು ಹಿಡಿದರೆ, ಕಕುದ್ಮಿಯು ಕಾದು ನಿಂತದ್ದು ಸುಮಾರು ಹತ್ತೊಂಬತ್ತೂವರೆ ನಿಮಿಷ. ಸಖಿಯಿಂದ ಕೂಡುಪಲ್ಲದವರೆಗೆ ಎಲ್ಲ ಅಂಗಗಳನ್ನೂ ಕೂಡಿಸಿ, ಅವಸರವಿಲ್ಲದೆ ಒಂದು ಲಾವಣಿಯನ್ನು ಹಾಡಿದರೆ ಹೆಚ್ಚುಕಡಿಮೆ ಹಿಡಿಯುವ ಕಾಲವೂ ಅಷ್ಟೇ. ಪುರಾಣಕಾರನು ಹಾಡಿನ ಅಳತೆಯನ್ನು ಬಲ್ಲವನಾಗಿದ್ದನೆಂದು ನನಗೆ ಆ ರಾತ್ರಿ ಮೈ ಜುಮ್ಮೆಂದಿತು. ಕಾಲವು ಎಲ್ಲ ಕಡೆಗೂ ಒಂದೇ ವೇಗದಿಂದ ನಡೆಯುವುದಿಲ್ಲವೆಂಬುದನ್ನು ಆಧಾರವಾಗಿಟ್ಟುಕೊಂಡು ಈಚಿನ ವಿಜ್ಞಾನಕಥೆಗಾರರು ಎಷ್ಟೋ ಕಥೆಗಳನ್ನು ಬರೆದಿದ್ದಾರೆ. ಕನ್ನಡದಲ್ಲಿಯೂ ರಾಜಶೇಖರ ಭೂಸನೂರಮಠರಂಥವರು ವಿಜ್ಞಾನಕಥೆಯನ್ನು ಪ್ರೀತಿಯಿಂದ ಬೆಳೆಸಿದರು.

ಅನ್ಯಲೋಕಗಳನ್ನು ಕುರಿತು ಹಾಡುವ ಹುಚ್ಚು ನಮ್ಮದೊಂದೇ ಸೀಮೆಗೆ ಮೀಸಲಾದುದಲ್ಲ. ಋಗ್ವೇದದ ಸೂಕ್ತಗಳಿಗೆ ಸ್ವರ ಹಾಕುವ ಸಲುವಾಗಿ ಸಂಸ್ಕೃತವನ್ನು ಕಲಿತ ಆಂಗ್ಲ ಸಂಗೀತಗಾರ ಗುಸ್ಟಾವ್ ಹೋಲ್ಸ್ಟ್ ಗ್ರಹಗಳನ್ನು ಕುರಿತು ರಚಿಸಿದ ವಾದ್ಯಮೇಳವು ಲಂಡನ್ನಿನಲ್ಲಿ ಮೊದಲು ಕೇಳಿಬಂದದ್ದು 1918ರಲ್ಲಿ. ಅಮೆರಿಕೆಯಲ್ಲಿ ವಿಜ್ಞಾನಕಥೆಗಳ ಅಭಿಮಾನಿಗಳು ಸಮ್ಮೇಳನ ಸೇರಿದಾಗ, ರಾತ್ರಿಯ ಹೊತ್ತು ಗಿಟಾರು ಹಿಡಿದು ವರ್ತುಲವಾಗಿ ಕುಳಿತು, ತಾವು ಓದಿದ ಕಥೆಗಳ ಲೋಕಗಳನ್ನೂ ಆಕಾಶನೌಕೆಗಳನ್ನೂ ಕುರಿತು ಹಾಡುವ ಪದ್ಧತಿಯಿದೆ. ಅದಕ್ಕೆ ‘ಫಿಲ್ಕ್’ ಎನ್ನುತ್ತಾರೆ. 1950ರ ದಶಕದಲ್ಲಿ ಯಾರೋ ಬರೆದ ಪ್ರಬಂಧದ ತಲೆಬರಹದಲ್ಲಿ ಜನಪದವೆಂಬ ಅರ್ಥದ ‘ಫೋಕ್’ ಎಂಬ ಶಬ್ದವು ತಪ್ಪಾಗಿ ‘ಫಿಲ್ಕ್’ ಎಂದು ಮೂಡಿತು. ಕೂಟದವರಿಗೆ ಆ ತಪ್ಪೇ ಹಿಡಿಸಿ, ಹೆಸರಾಗಿ ನಿಂತಿತು. ಒಬ್ಬರ ಹಾಡಿಗೆ ಹೊಂದುವಂತೆ ಅಥವಾ ಉತ್ತರವಾಗುವಂತೆ ಮತ್ತೊಬ್ಬರು ಕೂಡಲೆ ಇನ್ನೊಂದು ಹಾಡನ್ನು ಎತ್ತಿಕೊಳ್ಳುವುದು ಆ ವರ್ತುಲದಲ್ಲಿಯೂ ಮೆಚ್ಚಿನ ಕ್ರಮವೆಂಬುದನ್ನು ಓದಿದಾಗ ನನಗೆ ನಮ್ಮ ಸವಾಲು-ಜವಾಬಿನ ಕಟ್ಟೆಯೇ ಕಣ್ಮುಂದೆ ಬಂದಿತು. 2002ರಲ್ಲಿ ಮ್ಯಾಸಚೂಸೆಟ್ಸ್‌ನ ಇಬ್ಬರು ಸೋದರರು ಹ್ಯಾರಿ ಪಾಟರ್ ಕಥೆಗಳನ್ನೇ ಹಾಡುವ ತಂಡವೊಂದನ್ನು ಕಟ್ಟಿದರು. ನಮ್ಮ ತಾಲ್ಲೂಕುಗಳಿಂದ ಬೆಂಗಳೂರು ಪುಣೆಗಳಿಗೆ ಹೋಗಿ, ಅಂಥ ಕಥಾಲೋಕಗಳ ವಂಶಾವಳಿಯನ್ನು ಬಾಯಿಪಾಠವಾಗಿ ಬಲ್ಲ ತರುಣರನ್ನು ನಾನು ಕಂಡಿದ್ದೇನೆ. ಅವರ ಉತ್ಸಾಹವನ್ನು ಕಂಡಾಗಲೆಲ್ಲ, ಇವರ ಮುತ್ತಜ್ಜಂದಿರು ಇದೇ ಉತ್ಸಾಹದಿಂದ ಹದಿನಾಲ್ಕು ಲೋಕಗಳ ಲೆಕ್ಕವನ್ನು ಹಾಡಿ ಜಗಳವಾಡುತ್ತಿದ್ದರೆಂಬುದನ್ನು ಇವರಿಗೆ ಹೇಳುವವರಿಲ್ಲವಲ್ಲ ಎನಿಸುತ್ತದೆ.

ಈ ಸೀಮೆಗೆ ಜ್ಞಾನದ ಹಂಬಲ ಹೊಸದಲ್ಲ. ಇಂಡಿಯ ಹತ್ತಿರದ ಸಾಲೋಟಗಿಯಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಯನ್ನೂ, ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳನ್ನೂ ಕುರಿತು 945ರ ಕಂಬಶಾಸನವು ಹೇಳುತ್ತದೆ. ಅದು ಅರಸರ ಆಶ್ರಯದ ಶಾಲೆ. ಕಟ್ಟೆಯ ಮೇಲಣ ಶಾಲೆಗೆ ಆಶ್ರಯವಿತ್ತವರು ಜೋಳ ಬೆಳೆಯುವ ಜನ. ಅದರ ಹಾಡುಗಳನ್ನು ಕಾಗದಕ್ಕಿಳಿಸಿ ಕನ್ನಡಿಗರೆಲ್ಲರ ಕೈಗಿತ್ತವರು ಇಂಡಿ ಸೀಮೆಯ ಹಲಸಂಗಿಯ ಗೆಳೆಯರು. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಕೂಡಿ 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ಗಳು ಹೊರಬರುವಂತೆ ಮಾಡಿದರು. ಇವುಗಳಲ್ಲಿ ‘ಜೀವನ ಸಂಗೀತ’ವು ಲಾವಣಿಗಳ ಸಂಗ್ರಹ. ಲಾವಣಿಕಾರ ಖಾಜಾಭಾಯಿಯೂ ಅದೇ ಹಲಸಂಗಿಯವನು. ‘ಗರತಿಯ ಹಾಡಿ’ನಲ್ಲಿರುವಂಥ ಹೆಣ್ಣುಮಕ್ಕಳ ತ್ರಿಪದಿಗಳಿಗೆ ದೊರೆತ ಮನ್ನಣೆಯು ಲಾವಣಿಗಳಿಗೆ, ಅದರಲ್ಲೂ ತತ್ತ್ವವಾದದ ಲಾವಣಿಗಳಿಗೆ, ಆಮೇಲೆ ದೊರೆಯಲಿಲ್ಲವೆಂಬುದು ನನ್ನ ಬಹುಕಾಲದ ವ್ಯಥೆ. ತ್ರಿಪದಿಯಲ್ಲಿ ಹೃದಯವಿದೆಯೆಂದು ಎಲ್ಲರೂ ಒಪ್ಪಿದರು. ಲಾವಣಿಯಲ್ಲಿ ಬುದ್ಧಿಯಿದೆಯೆಂದು ಒಪ್ಪಲಿಕ್ಕೆ ಓದಿದವರಿಗೆ ಏಕೋ ಸಂಕೋಚ.

ನಾಗೇಶಿಯ ಪಕ್ಷವನ್ನು ಹಿಡಿದು ದಪ್ಪು ಬಾರಿಸುವವರು ಸಾಮಾನ್ಯವಾಗಿ ಹೆಂಗಸರೇ. ಹಗಲೆಲ್ಲ ಕಂಡವರ ಹೊಲದಲ್ಲಿ ಕಳೆ ತೆಗೆದು, ಊರಿನ ಸಭೆಗಳಲ್ಲಿ ಒಂದು ಮಾತಾಡಲಿಕ್ಕೂ ಎಡೆಯಿಲ್ಲದ ಹೆಣ್ಣುಮಗಳು, ಅದೇ ಊರಿನ ಕಟ್ಟೆಯ ಮೇಲೆ ಎದೆಯುಬ್ಬಿಸಿ ನಿಂತು, ನನ್ನಿಂದಲೇ ನಿನ್ನ ಲೋಕ, ನಾನಿಲ್ಲದೆ ನಿನ್ನ ಶಿವನು ಶವವೆಂದು ಸಾವಿರ ಜನರ ಮುಂದೆ ಹಾಡುವುದನ್ನು ಕಂಡವರು ಅದನ್ನು ಬರಿಯ ಮನರಂಜನೆಯೆಂದು ಕರೆಯಲಾರರು. ಆಕೆಯ ಕಂಠದಲ್ಲಿ ಆಗ ಪುರಾಣದ ಸೊಲ್ಲಿನ ಜೊತೆಗೆ ಸ್ವಂತದ ಸೊಲ್ಲೂ ಇರುತ್ತದೆ.

ಈಗ ಮೇಳಗಳ ಹಾಡುಗಳು ಮೊಬೈಲಿನಲ್ಲಿಯೂ ಯೂಟ್ಯೂಬಿನಲ್ಲಿಯೂ ಧಾರಾಳವಾಗಿ ದೊರೆಯುತ್ತವೆ. ದೂರದ ಊರಿಗೆ ದುಡಿಯಲು ಹೋದವರು ಅಲ್ಲಿಂದಲೇ ಕೇಳುತ್ತಾರೆ. ಅದು ಸಂತೋಷವೇ. ಆದರೆ ತುಣುಕುಗಳಲ್ಲಿ ಕೇಳುವವನಿಗೆ ಬೈಗುಳದ ಚಾಟಿ ದೊರೆಯುವಷ್ಟು ಸುಲಭವಾಗಿ ವಾದದ ಎಳೆ ದೊರೆಯದು. ಕೆಲವು ವರ್ಷಗಳ ಹಿಂದೆ ನಾನು ಕುಳಿತಿದ್ದ ಒಂದು ನಗರದ ಸಮಾರಂಭದಲ್ಲಿ ಎರಡು ಮೇಳಗಳನ್ನು ಕರೆಸಿ, ಎರಡಕ್ಕೂ ಕೂಡಿ ಹತ್ತು ನಿಮಿಷವನ್ನು ಕೊಟ್ಟರು. ಹರದೇಶಿಯವನು ಸಖಿಯನ್ನು ಮುಗಿಸಿ ಪಲ್ಲಕ್ಕೆ ಬರುವಷ್ಟರಲ್ಲಿ ಕೈಸನ್ನೆಯಾಯಿತು. ನಾಗೇಶಿಯವಳಿಗೆ ಜವಾಬಿನ ಸರದಿಯೇ ಬರಲಿಲ್ಲ. ದಪ್ಪನ್ನು ಎದೆಗವಚಿಕೊಂಡು ಆಕೆ ಮೆಟ್ಟಿಲಿಳಿದುದನ್ನು ನಾನು ಇಂದಿಗೂ ಮರೆತಿಲ್ಲ.

ಆದಕಾರಣ ಕೇಳುವುದಾದರೆ ಊರಿನಲ್ಲಿಯೇ ಕೇಳಬೇಕು, ಕಂಬಳಿ ಹೊದ್ದುಕೊಂಡು, ಇಡೀ ರಾತ್ರಿ. ಈ ಬಯಲಿನ ಒಂದು ಜಾತ್ರೆಯಲ್ಲಿ ನಾನು ಹಾಗೆ ಕುಳಿತಿದ್ದಾಗ, ನಾಲ್ಕನೆಯ ಜಾವದಲ್ಲಿ ನಾಗೇಶಿಯವಳು ಪ್ರಳಯದ ಮೇಲೆ ಒಂದು ಸವಾಲನ್ನು ಹಾಕಿದಳು: ಎಲ್ಲವೂ ನೀರಾದ ಮೇಲೆ ಆ ನೀರು ನಿಂತದ್ದು ಯಾವುದರ ಮೇಲೆ? ಹರದೇಶಿಯವನು ಎರಡು ನುಡಿ ಹಾಡಿದನು, ಮೂರನೆಯದಕ್ಕೆ ತಡವರಿಸಿದನು. ಜವಾಬು ಬರುವ ವರ್ಷದ ಜಾತ್ರೆಗೆ ಎಂದು ದಪ್ಪನ್ನು ತಲೆಯ ಮೇಲೆತ್ತಿ ಒಪ್ಪಿಕೊಂಡನು. ಎರಡೂ ಮೇಳದವರು ಒಂದಾಗಿ ನಿಂತು ಮಂಗಳ ಹಾಡಿದರು. ಮೂಡಲು ಬೆಳ್ಳಗಾಗಿತ್ತು. ನನ್ನ ಪಕ್ಕದಲ್ಲಿ ರಾತ್ರಿಯಿಡೀ ಮಾತಾಡದೆ ಕುಳಿತಿದ್ದ ಮುದುಕನೊಬ್ಬನು ಕಂಬಳಿ ಕೊಡವಿ ಎದ್ದು, ಗುಡಿಯ ಹಿಂದೆ ಕಟ್ಟಿದ್ದ ಎತ್ತುಗಳನ್ನು ಬಿಚ್ಚುತ್ತ, ಬೆರಳಿನ ಗೆಣ್ಣುಗಳ ಮೇಲೆ ತತ್ತ್ವಗಳನ್ನು ಒಂದೊಂದಾಗಿ ಎಣಿಸತೊಡಗಿದ್ದನು. ನೀರು, ಅಗ್ನಿ, ವಾಯು, ಆಕಾಶ ಎಂದು ಅಲ್ಲಿಗೆ ನಿಂತು, ತಲೆಯಲ್ಲಾಡಿಸಿ, ಮತ್ತೆ ಮೊದಲಿನಿಂದ ಎಣಿಸುತ್ತ ಹೊಲದ ದಾರಿ ಹಿಡಿದನು.